ಅತ್ತೆಗೆ ಮರೆವು ಇರಲಿಲ್ಲ

ಅತ್ತೆ, ಆ ದಿನ ನೀವು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎರಡು ಸಲ ನುಂಗಿರಲಿಲ್ಲ. ನಿಮಗೆ ಮರೆವೂ ಇರಲಿಲ್ಲ. ಡನ್ ಲಿಯರಿಯ ಕಡಲದಂಡೆಯಲ್ಲಿ ನೀವು ಕುಸಿದದ್ದು ನನ್ನಿಂದ — ನಿಮಗೆ ಹೇಳದೆ ನಿಮ್ಮ ಊಟವನ್ನು ನಾನು ಬದಲಿಸಿದ್ದರಿಂದ. ಡಾಕ್ಟರರ ಮುಂದೆ ಸುಳ್ಳು ಹೇಳಿದವಳೂ ನಾನೇ. ಕಳೆದ ಭಾನುವಾರ ಫೋನಿನಲ್ಲಿ ಇಷ್ಟನ್ನು ಹೇಳಿದೆ. ಉಳಿದದ್ದನ್ನು ನೀವು ಕೇಳಲಿಲ್ಲ. ಕೇಳಬೇಕಾದ ಹಂಗು ನಿಮಗಿಲ್ಲ, ಹೇಳಬೇಕಾದವಳು ನಾನು. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ನೀವು ಮೈಸೂರಿನಿಂದ ಈ ಪರದೇಶಕ್ಕೆ, ನಮ್ಮ ಮನೆಗೆ ಬಂದಾಗ ನಾನು ಫೌಂಡೇಶನ್ ವರ್ಷದಲ್ಲಿದ್ದೆ. ಪಿಯುಸಿಯಲ್ಲಿ ಕಾಮರ್ಸ್ ಓದಿದವಳಿಗೆ ಇಲ್ಲಿ ನೇರವಾಗಿ ನ್ಯೂಟ್ರಿಷನ್ ಪದವಿಗೆ ಸೀಟು ಸಿಗುವುದಿಲ್ಲ. ಮೊದಲು ಒಂದು ವರ್ಷ ಜೀವಶಾಸ್ತ್ರ, ರಸಾಯನಶಾಸ್ತ್ರ ಕಲಿತು ಪಾಸಾಗಬೇಕು. ನಿಮ್ಮ ಮಗ ಪ್ರಶಾಂತ್ ಸ್ಯಾಂಡಿಫರ್ಡ್‌ನಲ್ಲಿದ್ದ ಆಫೀಸಿಗೆ, ಮಗಳು ಇಂಚರ ಶಾಲೆಗೆ ಹೋದ ಮೇಲೆ ನಾನೂ ಚೀಲ ಏರಿಸಿಕೊಂಡು ಹೊರಡುತ್ತಿದ್ದೆ. ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವಳು ನಾನು. ಎಲ್ಲರಿಗಿಂತ ಮೊದಲು ಕೈ ಎತ್ತುವವಳೂ ನಾನೇ. ಸಂಕೋಚವಿಲ್ಲದೆ ಹೇಳುತ್ತೇನೆ — ನಾನು ಚೆನ್ನಾಗಿ ಓದುತ್ತಿದ್ದೆ. ಅದು ತಲೆಗೇರಿತ್ತು.

ಮನೆಯ ಒಬ್ಬರ ಊಟವನ್ನು, ಅವರ ಒಪ್ಪಿಗೆ ಪಡೆದು, ಸ್ವಲ್ಪ ಬದಲಿಸಿ ಏನಾಯಿತೆಂದು ತರಗತಿಯಲ್ಲಿ ಹೇಳಬೇಕಿತ್ತು. ಔಷಧಿ ತೆಗೆದುಕೊಳ್ಳುವವರ ತಂಟೆಗೆ ಹೋಗಬೇಡಿ ಎಂದು ನಮ್ಮ ಮೇಡಂ ಬಿಡಿಸಿ ಹೇಳಿದ್ದರು. ಆದರೂ ನಿಮ್ಮನ್ನೇ ಕೇಳಿದೆ. ನೀವು ನಕ್ಕಿರಿ.

"ನೋಡು ರೂಪಾ, ನನ್ನ ತಟ್ಟೆಗೆ ಮಾತ್ರ ಕೈ ಹಾಕ್ಬೇಡ. ನನ್ನ ಶುಗರ್ ನಾನು ನೋಡ್ಕೋತೀನಿ."

ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು ನೀವು. ಮನೆಯಲ್ಲಿ ಟ್ಯೂಷನ್ ಹೇಳುತ್ತ, ಸ್ಕೂಟರಿನಲ್ಲಿ ಊರೆಲ್ಲ ಓಡಾಡುತ್ತ, ಒಬ್ಬರೇ ಧೈರ್ಯವಾಗಿದ್ದವರು. ನಿಮ್ಮ 'ಬೇಡ' ಎಂದರೆ ಬೇಡ. ಅದು ನನಗೆ ಗೊತ್ತಿತ್ತು — ಗೊತ್ತಿದ್ದೇ ಹೂಕೋಸು ತುರಿದೆ.

ಶುಗರ್ ಏರಿಸುವ ಪಿಷ್ಟ ಕಡಿಮೆಯಾಗಲೆಂದು, ಮೊದಲು ಉಪ್ಪಿಟ್ಟಿನ ರವೆಗೆ ಒಂದಿಷ್ಟು ಬೆರೆಸಿದೆ. ಆಮೇಲೆ ಬಿಸಿಬೇಳೆಬಾತಿನ ಅನ್ನಕ್ಕೆ. ಮಸಾಲೆಯಲ್ಲಿ ರುಚಿ ಮುಚ್ಚಿಹೋಗುತ್ತಿತ್ತು. "ಇಲ್ಲಿನ ರವೆ ಯಾಕೋ ಹೊಟ್ಟೇಲಿ ನಿಲ್ಲೋದೇ ಇಲ್ಲ ಕಣೇ" ಅಂದಿರಿ. "ಹೌದತ್ತೆ, ಇಲ್ಲಿನ ರವೇನೇ ಹಾಗೆ" ಅಂದೆ. ನಿಮ್ಮ ಶುಗರ್ ಇಳಿಯುತ್ತ ಬಂತು. ಇಲ್ಲಿನ ಗಾಳಿಯ ಗುಣ ಅಂದಿರಿ ನೀವು. ನನ್ನ ಕೈಗುಣ ಎಂದು ನಾನು ಒಳಗೊಳಗೇ ಬೀಗಿದೆ. ದಿನ ಹೋದಂತೆ ಹೂಕೋಸು ಹೆಚ್ಚಿತು, ರವೆ ಹೆಸರಿಗಷ್ಟೇ ಉಳಿಯಿತು. ಮಾತ್ರೆ ಮಾತ್ರ ಹಳೆಯ ಊಟಕ್ಕೆ ತಕ್ಕಂತೆ ಕೊಟ್ಟದ್ದು — ಅದು ಶುಗರ್ ಇಳಿಸುವ ತನ್ನ ಕೆಲಸ ಮಾಡುತ್ತಲೇ ಇತ್ತು.

ಆ ಬೆಳಿಗ್ಗೆ ಕಡಲಿನ ಪಕ್ಕ ನಡೆಯುತ್ತಿದ್ದೆವು. ಥಂಡಿ ಗಾಳಿಯಲ್ಲೂ ನಿಮ್ಮ ಹಣೆ ಬೆವರಿತು. ಮಾತು ತೊದಲಿತು. ನನ್ನ ತೋಳು ಹಿಡಿಯಲು ಬಂದ ಕೈ ಎಲ್ಲೋ ಹೋಯಿತು. ಬಿದ್ದಾಗ ನಿಮ್ಮ ಕನ್ನಡಕ ಮುರಿದು ಹುಬ್ಬು ಹರಿಯಿತು. ನಾಯಿ ಹಿಡಿದು ಬರುತ್ತಿದ್ದ ಹೆಂಗಸೊಬ್ಬರು ಓಡಿಬಂದು ಆಂಬುಲೆನ್ಸ್ ಕರೆದರು. ನಾನು ನಿಮ್ಮ ಹೆಸರು ಹೇಳಲೂ ತಡವರಿಸುತ್ತಿದ್ದೆ.

ಆಸ್ಪತ್ರೆಯಲ್ಲಿ ಸಿಕ್ಕ ಡಾಕ್ಟರು ನಮ್ಮ ಕಡೆಯವರೇ. ಶುಗರ್ ತೀರಾ ಇಳಿದಿದೆ ಎಂದರು. ಡ್ರಿಪ್ ಹಾಕಿ ನೀವು ಚೇತರಿಸಿಕೊಂಡ ಮೇಲೆ ಕೇಳಿದರು: "ಅಮ್ಮಾ, ಬೆಳಿಗ್ಗೆ ತಿಂಡಿ ತಿಂದಿದ್ರಾ?"

"ತಿಂದಿದ್ನಲ್ಲಪ್ಪ. ತಟ್ಟೆ ತುಂಬ ಉಪ್ಪಿಟ್ಟು."

ಅವರು ನನ್ನತ್ತ ತಿರುಗಿದರು. "ಊಟದಲ್ಲಿ ಏನಾದ್ರೂ ಚೇಂಜ್ ಮಾಡಿದ್ರಾ ಮೇಡಂ?"

ಪ್ರಶಾಂತ್ ಆಗಷ್ಟೇ ಓಡಿಬಂದು ಪಕ್ಕದಲ್ಲಿ ನಿಂತಿದ್ದರು. ಒಂದೇ ಒಂದು ನಿಜದ ಮಾತು ಸಾಕಿತ್ತು —

"ಇಲ್ಲ ಡಾಕ್ಟ್ರೇ. ಮಾತ್ರೆ ತಗೊಂಡಿದ್ದು ಮರೆತು, ಅತ್ತೆ ಇನ್ನೊಂದ್ಸಲ ತಗೊಂಡಿರ್ಬೇಕು."

"ಇಲ್ಲ ಕಣೋ" ಎಂದು ನೀವು ಮಗನ ಮುಖ ನೋಡಿದಿರಿ. ಪ್ರಶಾಂತ್ ನನ್ನನ್ನು ನಂಬಿದ್ದರು. ಮರುದಿನ ಮನೆಗೆ ಬಂದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹುಬ್ಬಿನ ಹೊಲಿಗೆ ಮುಟ್ಟಿಕೊಳ್ಳುತ್ತ ಕೇಳಿದಿರಿ: "ನಿಜವಾಗ್ಲೂ ಎರಡು ಸಲ ತಗೊಂಡ್ನೇನೇ?" ಆಗಲಾದರೂ... "ವಯಸ್ಸಾದ್ಮೇಲೆ ಆಗತ್ತೆ ಅತ್ತೆ, ಬಿಡಿ" ಅಂದೆ. ಆವತ್ತಿನಿಂದ ಉಪ್ಪಿಟ್ಟಿಗೆ ಬರೀ ರವೆಯನ್ನೇ ಹಾಕಿದೆ. ತರಗತಿಯಲ್ಲಿ ಪ್ರಶಾಂತ್ ಅವರ ಊಟ ಬದಲಿಸಿದೆನೆಂದು ಹೇಳಿ ಶಹಬ್ಬಾಸ್ ಅನ್ನಿಸಿಕೊಂಡೆ.

ಊರಿಗೆ ಹೋದ ನೀವು ಟ್ಯೂಷನ್ ನಿಲ್ಲಿಸಿದಿರಿ. ಮಕ್ಕಳಿಗೆ ತಪ್ಪು ಲೆಕ್ಕ ಹೇಳಿಕೊಟ್ಟರೆ ಎಂಬ ಭಯ. ಸ್ಕೂಟರ್ ಮಾರಿದಿರಿ. ನಾನಿಲ್ಲಿ ಫೌಂಡೇಶನ್ ಮುಗಿಸಿ ಪದವಿಗೆ ಸೇರಿದೆ, ವರ್ಷ ವರ್ಷವೂ ಒಳ್ಳೆಯ ಅಂಕ ತಂದೆ. ಮಾತ್ರೆಗೂ ಊಟಕ್ಕೂ ಇರುವ ನಂಟಿನ ಪಾಠವನ್ನೂ ಬರೆದುಕೊಂಡೆ — ಬರೆದು ಪುಟ ತಿರುವಿದೆ. ಅದನ್ನೂ ನೀವು ತಿಳಿಯಬೇಕು.

ಕಳೆದ ಭಾನುವಾರ ನೀವು ಮಗನಿಗೆ ಫೋನಿನಲ್ಲಿ ಹೇಳಿದಿರಿ: "ನನ್ನನ್ನ ಯಾವ್ದಾದ್ರೂ ಆಶ್ರಮಕ್ಕೆ ಸೇರಿಸ್ಬಿಡೋ. ಒಬ್ಳೇ ಇರೋಕೆ ನನ್ನ ಮೇಲೆ ನಂಗೇ ನಂಬಿಕೆ ಇಲ್ಲ." ಫೋನ್ ಇಟ್ಟ ಕೂಡಲೇ ನಾನು ಪ್ರಶಾಂತ್‌ಗೆ ಎಲ್ಲವನ್ನೂ ಹೇಳಿದೆ. ಅವರು ಕೂಗಾಡಲಿಲ್ಲ. ಮತ್ತೆ ನಿಮ್ಮ ನಂಬರ್ ಒತ್ತಿ ಫೋನನ್ನು ನನ್ನ ಕೈಗಿಟ್ಟರು. "ಅಮ್ಮಂಗೆ ಹೇಳು. ಈಗ್ಲೇ."

ನಾನು ಹೇಳಿ ಮುಗಿಸಿದ ಮೇಲೆ ನೀವು ಅಂದದ್ದು ಎರಡೇ ಮಾತು.

"ಹಾಗಾದ್ರೆ ನನ್ನ ತಲೆ ಸರಿಯಾಗೇ ಇತ್ತು." ಆಮೇಲೆ, "ನಂಗೆ ಮರೆವು ಅಂತ ಯಾರ್ಯಾರಿಗೆ ಹೇಳಿದ್ಯೋ, ಅವ್ರಿಗೆಲ್ಲ ನೀನೇ ಹೇಳು." ಫೋನ್ ಇಟ್ಟಿರಿ.

ಹೇಳುತ್ತಿದ್ದೇನೆ ಅತ್ತೆ. ನಿಮ್ಮ ತಂಗಿಗೆ ಹೇಳಿದೆ, ಬೈದರು, ಕೇಳಿಸಿಕೊಂಡೆ. ನಮ್ಮ ಮೇಡಂಗೂ ಹೇಳಿದೆ. ಏನು ಮಾಡಬೇಕೆಂದು ಅವರು ತೀರ್ಮಾನಿಸಲಿ, ಒಪ್ಪುತ್ತೇನೆ. ನಿನ್ನೆ ಸಂಜೆ ಇಂಚರಳನ್ನು ಎದುರಿಗೆ ಕೂರಿಸಿಕೊಂಡೆ. ಅಜ್ಜಿಗೆ ಮರೆವು, ಲೆಕ್ಕ ಕೇಳಿ ತೊಂದರೆ ಕೊಡಬೇಡ ಎಂದು ಅವಳಿಗೆ ಹೇಳಿದ್ದವಳೂ ನಾನೇ.

ಅವಳು ಪೂರ್ತಿ ಕೇಳಿದಳು. "ಸೋ ಅಜ್ಜಿ ವಾಸ್ ಗ್ರ್ಯಾಂಡ್?"

"ಹೌದು. ಚೆನ್ನಾಗೇ ಇದ್ರು."

"ಆ್ಯಂಡ್ ಯೂ ಲೈಡ್?"

'ಆದರೆ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿದೆ.

"ಹೌದು ಮಗಳೇ, ಸುಳ್ಳು ಹೇಳಿದೆ."