ಒಂದೇ ಸಲ ಒತ್ತಿದ ಗುಂಡಿ

ನಮ್ಮ ಆಫೀಸಿನಲ್ಲಿ ‘ಯೂಸರ್’ ಎಂಬ ಪದ ಬಾಯಿಗೆ ಬಂದಾಗ ಎಲ್ಲರ ಮೂಗೂ ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಮೋರಿ ದಾಟುವಾಗ ಹೋಗುತ್ತದಲ್ಲ, ಹಾಗೆ. ಪುರಸೈವಾಕ್ಕಂನ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು ನಾವು ಬಿಲ್ಲಿಂಗ್ ಪ್ರೋಗ್ರಾಂ ಬರೆಯುತ್ತೇವೆ, ಔಷಧಿ ಅಂಗಡಿಗೆ, ಪಾತ್ರೆ ಅಂಗಡಿಗೆ, ಹೋಟೆಲಿಗೆ. ಈಗ ಎಲ್ಲವೂ ಫೋನಿನೊಳಗೆ ಹೋಗಿಬಿಟ್ಟಿದೆ ಎನ್ನುವವರು ಚೆನ್ನೈನ ಯಾವುದಾದರೂ ಕ್ಯಾಶ್ ಕೌಂಟರಿನ ಹಿಂದೆ ಒಮ್ಮೆ ಇಣುಕಿ ನೋಡಬೇಕು. ಅಲ್ಲಿ ಇನ್ನೂ ದಪ್ಪ ಕೀಬೋರ್ಡು, ಎಣ್ಣೆ ಹಿಡಿದ ಮೌಸು, ಪರದೆಯ ಮೇಲೆ ಬೂದು ಬಣ್ಣದ ಕಿಟಕಿ, ಅದರೊಳಗೆ ನಾವು ಇಟ್ಟ ಗುಂಡಿಗಳು. ಆ ಗುಂಡಿಗಳನ್ನು ದಿನವಿಡೀ ಒತ್ತುವವನೇ ಯೂಸರ್. ಅವನನ್ನು ನಮ್ಮಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ. ಆದರೂ ಅವನು ಶುದ್ಧ ಮುಠ್ಠಾಳ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಈ ತಿರಸ್ಕಾರದ ಮೂಲಪೀಠ ನಮ್ಮ ಟೀಮ್ ಲೀಡರ್. ತಲೆಮಾರುಗಳಿಂದ ಮದರಾಸಿನಲ್ಲೇ ನೆಲೆಸಿದ ವೈಷ್ಣವ ಮನೆತನದವರು, ಮನೆಮಾತು ಕನ್ನಡ. ನಾನು ಕನ್ನಡದಲ್ಲಿ ಕೇಳಿದ್ದು ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಉತ್ತರ ಮಾತ್ರ ತಮಿಳಿನಲ್ಲಿ ಶುರುವಾಗಿ ಇಂಗ್ಲಿಷಿನಲ್ಲಿ ಮುಗಿಯುತ್ತದೆ. ಕನ್ನಡ ಅವರಿಗೆ ಬೈಯುವಾಗಷ್ಟೇ ನೆನಪಾಗುತ್ತದೆ. ಹೊಸದಾಗಿ ಸೇರಿದವರನ್ನು ಕೂರಿಸಿಕೊಂಡು ಅವರು ಮಾಡುವ ಮೊದಲ ಪಾಠ ಒಂದೇ: ‘ಯೂಸರ್‌ನ ನಂಬಬೇಡಿ.’ ತಾನು ಬರೆದ ಕೋಡನ್ನು ನಂಬಬೇಡಿ ಎಂದು ಅವರು ಯಾರಿಗೂ ಹೇಳಿದ್ದು ನಾನು ಕೇಳಿಲ್ಲ.

ಇಂಥ ಪ್ರೋಗ್ರಾಮಿನ ಗುಟ್ಟು ದೊಡ್ಡದೇನಲ್ಲ. ಕಿಟಕಿ ತೆರೆದುಕೊಂಡು ಸುಮ್ಮನೆ ಕಾಯುತ್ತಿರುತ್ತದೆ. ಯಾರೋ ಗುಂಡಿ ಒತ್ತುತ್ತಾರೆ. ಅದು ಈವೆಂಟ್, ಒಂದು ಘಟನೆ. ಗುಂಡಿ ಒತ್ತಿದಾಗ ಏನು ಮಾಡಬೇಕು ಎಂದು ಹೇಳುವ ನಾಲ್ಕು ಸಾಲನ್ನು ನಾವು ಮೊದಲೇ ಬರೆದು ಆ ಗುಂಡಿಗೆ ಕಟ್ಟಿರುತ್ತೇವೆ, ಅದು ಹ್ಯಾಂಡ್ಲರ್. ಕರೆಗಂಟೆಯ ಪಕ್ಕದಲ್ಲಿ ನಿಂತ ಆಳು ಅಂದುಕೊಳ್ಳಿ. ಗಂಟೆ ಬಡಿದರೆ ಓಡಬೇಕು, ಹೇಳಿದ್ದನ್ನು ಮಾಡಬೇಕು, ಮರಳಿ ಬಂದು ನಿಲ್ಲಬೇಕು. ಇಷ್ಟು ಸರಳ ಕೆಲಸವನ್ನು ಕೆಡಿಸಲು ನಿಜಕ್ಕೂ ಪ್ರತಿಭೆ ಬೇಕು. ಆ ಪ್ರತಿಭೆ ನಮ್ಮ ಲೀಡರಿಗೆ ಧಾರಾಳವಾಗಿತ್ತು.

ತ್ರಿಪ್ಲಿಕೇನ್‌ನಲ್ಲಿ ನಮ್ಮ ಪ್ರೋಗ್ರಾಂ ಕೊಂಡ ಒಂದು ಸಸ್ಯಾಹಾರಿ ಹೋಟೆಲಿತ್ತು. ಕುಂದಾಪುರದ ಕಡೆಯವರದು. ಅಲ್ಲಿ ಸಪ್ಲೈಯರ್ ಮೇಜಿನಿಂದಲೇ ಆರ್ಡರ್ ಕೂಗುತ್ತಾನೆ, ಕ್ಯಾಶಿನಲ್ಲಿ ಕೂತವರು ಅದನ್ನು ಆರಿಸಿ ‘ಅಡುಗೆಮನೆಗೆ’ ಎಂಬ ಗುಂಡಿ ಒತ್ತುತ್ತಾರೆ, ಒಳಗೆ ಕಾವಲಿಯ ಪಕ್ಕದ ಪ್ರಿಂಟರಿನಿಂದ ಚೀಟಿ ಹೊರಬರುತ್ತದೆ. ಒಂದು ದಿನ ಮಾಲೀಕರು ಫೋನ್ ಮಾಡಿದರು. ಒಂದು ಮಸಾಲೆ ದೋಸೆ ಕೇಳಿದರೆ ಒಳಗೆ ಎರಡು ಚೀಟಿ ಬರುತ್ತಿವೆ, ಒಮ್ಮೊಮ್ಮೆ ಮೂರು, ನಾಲ್ಕು. ನಾಲ್ವರು ಕೂತ ಮೇಜಿಗೆ ನಾಲ್ಕು ದೋಸೆ ಎಂದರೆ ಕಾವಲಿಯ ಮುಂದೆ ನಿಂತವನಿಗೆ ಅನುಮಾನ ಬರುವುದಾದರೂ ಹೇಗೆ? ಅವನು ಹುಯ್ಯುತ್ತಾನೆ, ಸಪ್ಲೈಯರ್ ತಂದು ಸುರಿಯುತ್ತಾನೆ, ಗಿರಾಕಿ ಕಣ್ಣು ಕೆಂಪಗೆ ಮಾಡುತ್ತಾನೆ. ಬಿಲ್ಲಿನಲ್ಲಿ ಮಾತ್ರ ಒಂದೇ ದೋಸೆ. ಅದೂ ಬೆಳಗಿನಿಂದ ಮಧ್ಯಾಹ್ನದವರೆಗೆ, ವಯಸ್ಸಾದ ಕ್ಯಾಶಿಯರ್ ಕೂತಿರುವಾಗ ಮಾತ್ರ. ಸಂಜೆ ಮಾಲೀಕರ ಭಾವಮೈದ ಬಂದು ಪ್ರೋಗ್ರಾಂ ಮುಚ್ಚಿ ತನ್ನ ಹೆಸರಿನಲ್ಲಿ ಹೊಸದಾಗಿ ತೆರೆದು ಕೂತರೆ ಯಾವ ತೊಂದರೆಯೂ ಇಲ್ಲ.

ಲೀಡರ್ ಕುರ್ಚಿಯಿಂದ ಏಳಲೂ ಇಲ್ಲ. ಫೋನಿನಲ್ಲೇ ರೋಗ ಪತ್ತೆಹಚ್ಚಿದರು. ‘ಕೈ ನಡುಗತ್ತೆ ಸಾರ್ ಅವರಿಗೆ. ಒಂದು ಕ್ಲಿಕ್ ಅಂತ ಒತ್ತೋದು ನಾಲ್ಕಾಗತ್ತೆ. ಕ್ಲಿಯರ್ ಯೂಸರ್ ಎರರ್. ಅವ್ವಳವುದಾನ್.’ ಅಷ್ಟೇ, ಮುಗಿಯಿತು ಎಂದು ಫೋನ್ ಇಟ್ಟು ನಮ್ಮ ಕಡೆ ತಿರುಗಿ ನಕ್ಕರು. ಸುತ್ತ ಕೂತವರೂ ನಕ್ಕರು. ಲೀಡರ್ ನಕ್ಕಾಗ ನಗುವುದು ನಮ್ಮಲ್ಲಿ ಕೋಡ್ ಬರೆಯುವುದಕ್ಕಿಂತ ಮುಖ್ಯವಾದ ಕೆಲಸ.

ಮಾಲೀಕರು ಆ ಮಾತನ್ನು ವೇದವಾಕ್ಯ ಎಂದುಕೊಂಡರು. ಕಂಪ್ಯೂಟರಿನವರು ಹೇಳಿದ ಮೇಲೆ ಮುಗಿಯಿತಲ್ಲ. ಅಪ್ಪನ ಕಾಲದಿಂದ ಇದ್ದ ಆ ಕ್ಯಾಶಿಯರನ್ನು ಕರೆದುಕೊಂಡು ಹೋಗಿ ನರರೋಗದ ಡಾಕ್ಟರಿಗೆ ತೋರಿಸಿದರು. ಡಾಕ್ಟರು ವಯಸ್ಸಿನ ಹೆಸರು ಹೇಳಿ ಯಾವುದೋ ಮಾತ್ರೆ ಬರೆದುಕೊಟ್ಟರು. ಮಾತ್ರೆ ನುಂಗಿದರೂ ಚೀಟಿ ನಿಲ್ಲಲಿಲ್ಲ. ಕೊನೆಗೆ ಮಾಲೀಕರು ಮತ್ತೆ ಫೋನ್ ಮಾಡಿ, ಯಾರನ್ನಾದರೂ ಕಳಿಸಿ ಕಲಿಸಿಕೊಡಿ, ಆಮೇಲೂ ಸರಿಹೋಗದಿದ್ದರೆ ಅವರನ್ನು ಕುರ್ಚಿಯಿಂದ ಇಳಿಸಿ ಊರಿಗೆ ಕಳಿಸಿಬಿಡುತ್ತೇನೆ ಎಂದರು. ಲೀಡರ್ ನನ್ನನ್ನು ಕರೆದರು. ನನ್ನ ಮನೆಮಾತೂ ಕುಂದಾಪುರದ ಕಡೆಯದೇ ಎಂಬುದು ಅವರಿಗೆ ಗೊತ್ತಿತ್ತು. ‘ಹೋಗಿ ಒಂದ್ಸಲ ಒತ್ತೋದು ಹೇಗೆ ಅಂತ ಹೇಳಿಕೊಟ್ಟು ಬಾಮ್ಮಾ’ ಎಂದರು. ಒಬ್ಬ ಹಿರಿಯರಿಗೆ ಬೆರಳಾಡಿಸುವುದನ್ನು ಕಲಿಸಲು ಇಂಜಿನಿಯರಿಂಗ್ ಓದಿದವಳನ್ನು ಕಳಿಸುವುದು! ಪೆರಂಬೂರಿನ ಮನೆಯಿಂದ ಬೆಳಿಗ್ಗೆ ಹೊರಡುವಾಗಲೇ ನನ್ನ ಮೈ ಉರಿಯುತ್ತಿತ್ತು.

ಕ್ಯಾಶಿಯರ್ ಬಿಳಿ ಪಂಚೆ, ಅರ್ಧ ತೋಳಿನ ಅಂಗಿ ತೊಟ್ಟ ತೆಳ್ಳಗಿನ ಮನುಷ್ಯ. ನನ್ನನ್ನು ನೋಡಿದ ಕೂಡಲೇ ಸಪ್ಪಗಾದರು.

‘ನೀವ್ ಕಂಪ್ಯೂಟರಿನವ್ರಾ? ನಾನ್ ಒಂದೇ ಸಲ ಒತ್ತುದ್ ಮಾರಾಯ್ತಿ. ದೇವ್ರಾಣೆ. ಯಾರೂ ನಂಬುದಿಲ್ಲೆ.’

ನಾನು ಏನನ್ನೂ ಕಲಿಸಲಿಲ್ಲ. ಪಕ್ಕದಲ್ಲಿ ಒಂದು ಸ್ಟೂಲ್ ಎಳೆದುಕೊಂಡು ಕೂತು ಅವರ ಕೈಯನ್ನೇ ನೋಡಿದೆ. ನಮ್ಮ ಆಫೀಸು ಹುಟ್ಟಿದಾಗಿನಿಂದ ಒಬ್ಬ ಯೂಸರ್ ಪಕ್ಕದಲ್ಲಿ ಯಾರಾದರೂ ಕೂತು ನೋಡಿದ್ದು ಅದೇ ಮೊದಲಿರಬೇಕು. ಆ ಕೈ ನಡುಗುತ್ತಿರಲಿಲ್ಲ. ಮೌಸನ್ನು ಅವರು ತೋರುಬೆರಳಿನಿಂದ ಒಮ್ಮೆ, ಗಟ್ಟಿಯಾಗಿ, ಮೊಹರು ಒತ್ತುವವರಂತೆ ಒತ್ತುತ್ತಿದ್ದರು. ಹೆದರಿಕೆಯಿಂದ ಎಡಗೈಯಲ್ಲಿ ಬಲಗೈ ಮಣಿಕಟ್ಟನ್ನು ಹಿಡಿದುಕೊಳ್ಳುವ ಅಭ್ಯಾಸ ಮಾತ್ರ ಹೊಸದಾಗಿ ಅಂಟಿಕೊಂಡಿತ್ತು. ಅದನ್ನು ನೋಡಿ ನನಗೆ ನಮ್ಮ ಲೀಡರನ್ನು ಕೊರಳಪಟ್ಟಿ ಹಿಡಿದು ಅಲ್ಲಿಗೆ ಎಳೆತಂದು ನಿಲ್ಲಿಸಬೇಕು ಅನ್ನಿಸಿತು.

ಬೆಳಗಿನ ಮೊದಲ ಇಡ್ಲಿ ವಡೆಗಳಿಗೆ ಚೀಟಿ ಒಂದೊಂದೇ ಬಂದವು. ಅಷ್ಟರಲ್ಲಿ ದಿನವೂ ಬರುವ ಒಬ್ಬ ಹಿರಿಯ ಗಿರಾಕಿ ಒಳಗೆ ಕಾಲಿಟ್ಟರು. ಕ್ಯಾಶಿಯರ್ ನಗುಮುಖದಿಂದ ತಲೆಯಾಡಿಸಿ, ಮೌಸಿನ ಬಾಣವನ್ನು ಕಿಟಕಿಯ ಮೇಲ್ತುದಿಗೆ ಒಯ್ದು ಸಣ್ಣ ಗೆರೆಯ ಗುಂಡಿ ಒತ್ತಿದರು. ನಮ್ಮ ಪ್ರೋಗ್ರಾಂ ಕೆಳಗೆ ಇಳಿದು ಮಾಯವಾಯಿತು. ಹಿಂದೆ ಪರದೆಯ ತುಂಬ ಉಡುಪಿಯ ಕೃಷ್ಣ, ಕೈಯಲ್ಲಿ ಕಡಗೋಲು ಹಿಡಿದು ನಿಂತಿದ್ದ. ಅವರು ಕಣ್ಣು ಮುಚ್ಚಿ ಕೈಮುಗಿದು, ಪ್ರೋಗ್ರಾಮನ್ನು ಮತ್ತೆ ಮೇಲಕ್ಕೆ ತಂದು ಆರ್ಡರ್ ಒತ್ತಿದರು. ಒಳಗಿನಿಂದ ಪ್ರಿಂಟರ್ ಎರಡು ಸಲ ಕಿರ್ರೆಂದಿತು.

ನಾನು ಸ್ಟೂಲಿನಿಂದ ಎದ್ದೇಬಿಟ್ಟೆ. ‘ಇದನ್ನ ದಿನಕ್ಕೆ ಎಷ್ಟು ಸಲ ಮಾಡ್ತೀರಿ?’

‘ಎಂತದ್ದು? ದೇವ್ರನ್ನ ಕಾಂಬುದಾ? ಕಾಯಂ ಗಿರಾಕಿ ಬಂದ್ರೆ ಅವ್ರ ಆರ್ಡರಿಗೆ ಮುಂಚೆ ಒಂದ್ಸಲ. ಮತ್ತೆ ಮನ್ಸಿಗೆ ಬೇಜಾರಾದ್ರೆ. ಮೊದ್ಲು ಫೋಟೋ ಗ್ವಾಡಿ ಮೇಲಿತ್ತ್. ಅಲ್ಲಿ ಏಸಿ ಕೂರ್ಸಿರ್, ಫೋಟೋ ಇದರೊಳಗೆ ಬಂತ್.’

ಬಾಕಿ ಅರ್ಥವಾಗಲು ನನಗೆ ಲ್ಯಾಪ್‌ಟಾಪ್ ತೆರೆದು ಲೀಡರ್ ಬರೆದ ಆ ಕೋಡಿನ ಪುಟವನ್ನು ಒಮ್ಮೆ ಓದಿದ್ದು ಸಾಕಾಯಿತು. ಗುಂಡಿಗೆ ಆಳನ್ನು ಕಟ್ಟುವ ಸಾಲು ಪ್ರೋಗ್ರಾಂ ಶುರುವಾದಾಗ ಒಮ್ಮೆ ಓಡಬೇಕು. ಅವರು ಅದನ್ನು ತಂದು, ಕಿಟಕಿ ಮೇಲಕ್ಕೆ ಬಂದಾಗಲೆಲ್ಲ ಓಡುವ ಜಾಗದಲ್ಲಿ ಇಟ್ಟಿದ್ದರು. ಅಂದರೆ ಕಿಟಕಿ ಕೆಳಗಿಳಿದು ಮೇಲೆ ಬಂದಾಗಲೆಲ್ಲ ಅದೇ ಗಂಟೆಯ ಪಕ್ಕ ಇನ್ನೊಬ್ಬ ಹೊಸ ಆಳು. ಹಳಬರನ್ನು ಮನೆಗೆ ಕಳಿಸುವವರು ಯಾರೂ ಇಲ್ಲ. ಗಂಟೆ ಬಡಿಯುವುದು ಒಂದೇ ಸಲ, ಓಡುವವರು ನಾಲ್ವರು, ಹುಯ್ಯುವುದು ನಾಲ್ಕು ದೋಸೆ. ಸಂಜೆಯ ಭಾವಮೈದನಿಗೆ ದೇವರ ಗೊಡವೆ ಇಲ್ಲದ್ದರಿಂದ ಅವನ ಗಂಟೆಗೆ ಒಬ್ಬನೇ ಆಳು. ಕೈಮುಗಿದ ತಪ್ಪಿಗೆ ಈ ಮನುಷ್ಯ ನರರೋಗಿಯಾಗಿದ್ದರು.

ಮಾಲೀಕರನ್ನು ಕರೆದೆ. ಇವರು ಇಲ್ಲೇ ಹುಟ್ಟಿ ಬೆಳೆದವರು. ಬಾಯಿಗೆ ಕನ್ನಡ ಬರುವಷ್ಟರಲ್ಲಿ ಅರ್ಧ ತಮಿಳಾಗಿರುತ್ತದೆ. ಅವರೆದುರಿಗೆ ಕ್ಯಾಶಿಯರಿಗೆ ದೇವರನ್ನು ಬೇಕಾದಷ್ಟು ಸಲ ನೋಡಲು ಹೇಳಿದೆ. ಅವರು ಹಿಂಜರಿಯುತ್ತ ನೋಡಿದರು, ಕೈಮುಗಿದರು, ಮತ್ತೆ ನೋಡಿದರು. ‘ಈಗ ಒಂದು ಕಾಫಿ. ಒಂದೇ ಸಲ ಒತ್ತಿ.’ ಒತ್ತಿದರು. ಮಾಲೀಕರು ಬಗ್ಗಿ ಅವರ ಬೆರಳನ್ನೇ ನೋಡುತ್ತಿದ್ದರು. ಒಳಗೆ ಪ್ರಿಂಟರ್ ನಿಲ್ಲದೆ ಕಿರುಗುಟ್ಟಿತು. ‘ಯಾರ್ರೀ ಇಷ್ಟ್ ಕಾಫಿ ಕುಡಿಯೋರು!’ ಎಂದು ಅಡುಗೆಮನೆಯಿಂದ ಬೈಗುಳ ಹಾರಿಬಂತು.

‘ಅಯ್ಯಯ್ಯೋ ಮಾಮಾ, ತಪ್ಪಾ ನೆನೆಚ್ಬಿಟ್ಟೆ ನಿಮ್ಮನ್ನ’ ಎಂದರು ಮಾಲೀಕರು. ತಪ್ಪಾಗಿ ತಿಳಿದೆ ಎಂದರೆ ಸಾಕಾಗುತ್ತದೆಯೇ? ಆದರೂ ಅವರು ಹೇಳಿದರು. ನಮ್ಮ ಆಫೀಸಿನವರ ಬಾಯಿಂದ ಅಷ್ಟೂ ಬರುವುದಿಲ್ಲ.

ಕ್ಯಾಶಿಯರ್ ಬಲಗೈಯನ್ನು ಮುಖದ ಮುಂದೆ ಹಿಡಿದು ಅಂಗೈ ಮಗುಚಿ ಮಗುಚಿ ನೋಡಿಕೊಂಡರು. ಕಣ್ಣು ತುಂಬಿತ್ತು. ಮೇಜಿನ ಡ್ರಾಯರಿನಿಂದ ಮಾತ್ರೆಗಳನ್ನು ತೆಗೆದು ಕಸದ ಡಬ್ಬಿಗೆ ಹಾಕಿದರು. ‘ನಾ ಹೇಳದ್ನಲೆ, ಒಂದೇ ಸಲ ಒತ್ತದ್ದ್ ಅಂದೇಳಿ’ ಎಂದು ಮಾಲೀಕರಿಗೆ, ನನಗೆ, ಬಿಲ್ ಕೊಡಲು ನಿಂತ ಗಿರಾಕಿಗೆ, ಎಲ್ಲರಿಗೂ ಹೇಳಿದರು. ನನಗೆ ಬೇಡವೆಂದರೂ ಕೇಳದೆ ಆ ಕಾಫಿಗಳಲ್ಲಿ ಒಂದನ್ನು ಕುಡಿಸಿದರು. ಅಷ್ಟು ಸಂತೋಷವಾಗಿ ನಾನು ಆ ಕೆಲಸಕ್ಕೆ ಸೇರಿದಮೇಲೆ ಒಂದು ದಿನವೂ ಇದ್ದಿರಲಿಲ್ಲ.

ಆಫೀಸಿಗೆ ಬಂದು ಲೀಡರಿಗೆ ನಡೆದದ್ದನ್ನೆಲ್ಲ ಹೇಳಿ ಆ ಸಾಲನ್ನು ತೋರಿಸಿದೆ. ಅದನ್ನು ಇಲ್ಲಿಂದ ತೆಗೆದು ಅಲ್ಲಿಗೆ ಹಾಕಿದರೆ ಮುಗಿಯಿತು ಎಂದೆ. ಆ ಪುಟ ಅವರದು, ಬೇರೆಯವರು ಮುಟ್ಟುವ ಹಾಗಿಲ್ಲ. ಅವರು ಪರದೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

‘ಬಿಲ್ಲಿಂಗ್ ಟೈಮಲ್ಲಿ ಯಾಕೆ ಮಿನಿಮೈಜ್ ಮಾಡ್ಬೇಕು? ಯಾರು ಪಣ್ಣ ಸೊನ್ನಾ?’

ಯಾರು ಮಾಡಲು ಹೇಳಿದರು ಅಂತೆ! ‘ಸಾರ್, ಗುಂಡಿ ಇಟ್ಟಿದ್ದು ನಾವು. ಇಟ್ಟ ಗುಂಡಿಯನ್ನ ಒತ್ತಿದರು’ ಎಂದೆ.

‘ದೇವರನ್ನ ನೋಡಕ್ಕೆ ನಮ್ಮ ಅಪ್ಲಿಕೇಶನ್ನಾ? ನೋಡಮ್ಮಾ, ಇದು ಬಗ್ ಅಲ್ಲ, ಮಿಸ್‌ಯೂಸ್. ಐ ವಿಲ್ ಹ್ಯಾಂಡಲ್ ಇಟ್.’

ಹಣೆಯಲ್ಲಿ ಅಚ್ಚುಕಟ್ಟಾದ ನಾಮ ಇಟ್ಟುಕೊಂಡು ಈ ಮಾತು ಹೇಳಿದರು. ಅವರ ಮೇಜಿನ ಮೇಲೆ ಪುಟ್ಟದೊಂದು ವೆಂಕಟೇಶ ನಿಂತಿದ್ದ. ಸೋಮವಾರದ ಮೀಟಿಂಗಿನಲ್ಲಿ ಹೋಟೆಲಿನ ತೊಂದರೆಯನ್ನು ತಾನು ಆಳವಾಗಿ ಅಧ್ಯಯನ ಮಾಡಿ ಬಗೆಹರಿಸಿರುವುದಾಗಿ ಹೇಳಿಕೊಂಡರು. ಎಲ್ಲರೂ ತಲೆದೂಗಿದರು. ಬಗೆಹರಿದಿದ್ದರೆ ಸಾಕು, ಕೀರ್ತಿ ಯಾರ ಪಾಲಾದರೆ ನನಗೇನು ಎಂದು ನಾನೂ ತಲೆದೂಗಿದೆ.

ನನ್ನ ರಜೆಯ ದಿನ ತ್ರಿಪ್ಲಿಕೇನ್‌ಗೆ ಹೋದೆ. ಕೆಲಸವೇನೂ ಇರಲಿಲ್ಲ. ಆ ಮನುಷ್ಯ ಮಣಿಕಟ್ಟು ಹಿಡಿಯದೆ ಕೂತಿರುವುದನ್ನು ನೋಡುವ ಆಸೆ, ಅಷ್ಟೇ. ಬೆಳಗಿನ ತಿಂಡಿಯ ಗದ್ದಲ ಶುರುವಾಗುತ್ತಿತ್ತು. ಅವರು ಹಳೆಯ ಕುರ್ಚಿಯಲ್ಲೇ ಇದ್ದರು, ನನ್ನನ್ನು ಕಂಡು ಮುಖವರಳಿಸಿ ‘ಬನ್ನಿ ಬನ್ನಿ, ನಿಮ್ಮಲ್ಲಿಂದ ಹೊಸತ್ ಹಾಕಿರ್ ಅಂಬ್ರ್, ಈಗಷ್ಟೇ ತೆಗದ್ದ್’ ಎಂದರು. ಪ್ರೋಗ್ರಾಮಿನ ಹೊಸ ಆವೃತ್ತಿ ಅದೇ ಬೆಳಿಗ್ಗೆ ಆಫೀಸಿನಿಂದ ತಾನಾಗಿ ಬಂದು ಕೂತಿತ್ತು.

‘ಇವತ್ ನಿಮ್ದೇ ಬೋಣಿ’ ಎಂದು ಅವರು ಬಾಣವನ್ನು ಮೇಲ್ತುದಿಯ ಸಣ್ಣ ಗೆರೆಗೆ ಒಯ್ದರು. ಆ ಗೆರೆ ಮಸುಕಾಗಿತ್ತು. ಒಂದು ನೋಟಕ್ಕೇ ನನಗೆ ಗೊತ್ತಾಯಿತು. ನಮ್ಮ ಲೀಡರ್ ತನ್ನ ಸಾಲನ್ನು ಮುಟ್ಟಿರಲಿಲ್ಲ. ಕಿಟಕಿ ಕೆಳಗಿಳಿದರೆ ತಾನೇ ತನ್ನ ತಪ್ಪು ಹೊರಬೀಳುವುದು ಎಂದು ಕಿಟಕಿ ಇಳಿಯದಂತೆ ಆ ಗುಂಡಿಯನ್ನೇ ಸಾಯಿಸಿದ್ದರು. ಯಾಕೆ ಎಂದು ಹೇಳುವ ಒಂದು ಮಾತನ್ನೂ ಎಲ್ಲೂ ಬರೆದಿರಲಿಲ್ಲ. ಯೂಸರಿಗೆ ಯಾಕೆ ಹೇಳಬೇಕು?

ಅವರು ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಬೆರಳನ್ನು ಪಂಚೆಗೆ ಒರೆಸಿಕೊಂಡು, ಉಸಿರು ಬಿಗಿಹಿಡಿದು, ನಿಧಾನವಾಗಿ ಮತ್ತೆ ಒತ್ತಿದರು. ಸಪ್ಲೈಯರ್ ಆಚೆಯಿಂದ ಎರಡು ಪೊಂಗಲ್ ಎಂದು ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ಮುಖದ ಮೇಲಿದ್ದ ನಗು ಇಳಿದುಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮೌಸಿನಿಂದ ಕೈ ತೆಗೆದು ಮೇಜಿನ ಕೆಳಗೆ, ಆಚೆ ನಿಂತಿದ್ದ ಮಾಲೀಕರಿಗೆ ಕಾಣದ ಹಾಗೆ ಇಟ್ಟುಕೊಂಡರು. ಆಮೇಲೆ ನನ್ನ ಕಡೆ ಬಗ್ಗಿ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಕೇಳಿದರು.

‘ಒತ್ತದ್ರೂ ಆತಿಲ್ಲೆ. ಈಗ ನಿಜವಾಗ್ಲೂ ನನ್ ಕೈಯೇ ಸಮ ಇಲ್ಯಾ, ಮಾರಾಯ್ತಿ?’