ಸುಮ್ಮನಿದ್ದವರ ಐದು ಚುಕ್ಕಿ

ನಮ್ಮ ಮೊಮ್ಮಗಳ ಕೌದಿಗೆ ಇವತ್ತು ಮುಂಜಾನೆ ನಾಲ್ಕು ಚುಕ್ಕಿ ಬಂದಿವೆ. ಐದಕ್ಕೆ ನಾಲ್ಕು. ಮಂಗಳೂರಿನ ಕಡೆಯ ಒಬ್ಬ ಹೆಣ್ಣುಮಗಳು ತನ್ನ ಕೈಯಾರೆ ಕೊಟ್ಟ ನಾಲ್ಕು ಚುಕ್ಕಿ. ಈ ಸುದ್ದಿಯನ್ನು ಹಾಲು ಹಾಕುವವನಿಗೆ ಹೇಳಿದೆ, ನಮ್ಮ ಮನೆಯ ಮುಂದೆ ಹಾದುಹೋದ ಯಾರನ್ನೂ ಬಿಡದೆ ನಿಲ್ಲಿಸಿ ಹೇಳಿದೆ, ಜೇವರ್ಗಿಯಲ್ಲಿರುವ ತಂಗಿಗೆ ಫೋನು ಹಚ್ಚಿ ಹೇಳಿದೆ. ತಂಗಿ ಮಾತ್ರ, "ಅಕ್ಕಾ, ಮೊದಲ ಇಪ್ಪತ್ಮೂರು ಮಂದಿ ಐದೈದು ಕೊಟ್ಟಾರಂತ ನೀನೇ ಹೇಳಿದ್ದಿ. ಈಗ ಒಂದು ಕಡಿಮಿ ಬಂದದ್ದಕ್ಕ ಯಾಕ ಇಷ್ಟು ಕುಣಿಯಾಕತ್ತಿ?" ಎಂದಳು.

ಅವಳು ಕೇಳಿದ್ದು ಸರಿಯಾಗಿಯೇ ಇದೆ. ನಾಲ್ಕು ಎಂಬುದು ಐದಕ್ಕಿಂತ ದೊಡ್ಡದು ಹೇಗಾಯಿತು ಎಂದು ಹೇಳಲಿಕ್ಕೇ ಕಾಗದ ಹಿಡಿದು ಕೂತಿದ್ದೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಅದೂ ಜಿಡಗಾದ ಸಾಲೆಯಲ್ಲಿ, ಶೇಂಗಾ ಬಿಡಿಸುವ ದಿನಗಳನ್ನು ಕಳೆದು ಉಳಿದಷ್ಟು. ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಸಂತೋಷಕ್ಕೆ ಬರೆಯುತ್ತಿದ್ದೇನೋ ಅಂಜಿಕೆಗೋ ನನಗೂ ಪೂರ್ತಿ ತಿಳಿದಿಲ್ಲ.

ಮೊಮ್ಮಗಳ ಹೆಸರು ಭಾಗ್ಯ. ಘತ್ತರಗಿ ತಾಯಿಗೆ ಹರಕೆ ಹೊತ್ತು ಪಡೆದ ಕೂಸು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದಳು. ಇಲ್ಲಿ ಅಫಜಲಪುರದ ನಮ್ಮ ಕಟ್ಟೆಯ ಮೇಲೆ ನಾನೂ ಪಕ್ಕದ ಮನೆಯ ಹಲೀಮಾಬಿಯೂ ಮಧ್ಯಾಹ್ನದ ಹೊತ್ತು ಹಳೆ ಸೀರೆ ಸೇರಿಸಿ ಕೌದಿ ಹೊಲಿಯುವುದನ್ನು ಒಂದು ದಿನ ಫೋಟೋ ತೆಗೆದಳು. ತೆಗೆದು ಫೋನಿನೊಳಗಿನ ಅಂಗಡಿಗೆ ಹಾಕಿದಳು. ಮುಖ ಕಾಣದ ಮಂದಿ, ಮುಟ್ಟಿ ನೋಡದೆ, ಚೌಕಾಶಿ ಮಾಡದೆ ನಮ್ಮ ಕೌದಿಗಳನ್ನು ತರಿಸಿಕೊಂಡರು. ಅವಳ ಅಪ್ಪ, ಅಂದರೆ ನನ್ನ ಮಗ ಶಿವರಾಯ, ಒಂದು ವರ್ಷ ನೋಡುತ್ತೇನೆ ಎಂದಿದ್ದ. ಅಂಗಡಿ ನಡೆದರೆ ನಡೆಯಲಿ, ನಿಂತರೆ ಖಜೂರಿಯ ಲಾರಿ ಇಟ್ಟವರ ಮನೆಯ ಸಂಬಂಧಕ್ಕೆ ಹೂಂ ಅನ್ನುವುದೇ. ಹಾಗಾಗಿ ಕೊಂಡವರು ಮೆಚ್ಚಿಗೆಗೆ ಒತ್ತುವ ಆ ಹಳದಿ ಚುಕ್ಕಿಗಳ ಮೇಲೆ ಹುಡುಗಿಯ ಹಣೆಬರಹವೇ ನಿಂತಿತ್ತು ಎನ್ನಿರಿ. ಚುಕ್ಕಿ ಕೆಳಗಿಳಿದರೆ ಅಂಗಡಿಯ ಬಾಗಿಲು ತಾನಾಗಿಯೇ ಮುಚ್ಚುತ್ತದಂತೆ.

ಚುಕ್ಕಿಗಳು ಬರತೊಡಗಿದವು. ಒಂದೊಂದು ಕೌದಿ ಹೋದ ಹದಿನೈದು ದಿನಕ್ಕೆ ಸರಿಯಾಗಿ ಐದು. ನಾನು ಮೊದಲ ಐದಕ್ಕೇ ಓಣಿಗೆಲ್ಲ ಸಕ್ಕರೆ ಹಂಚಿದವಳು. ಹತ್ತಾದ ಮೇಲೆ ಆಸೆ ತಡೆಯದೆ, ಅವರು ಏನು ಬರೆದಿದ್ದಾರೆ ಓದಿ ಹೇಳು ಎಂದೆ. ಭಾಗ್ಯ ಉಗುರು ನೋಡಿಕೊಂಡಳು. ಬರೆದದ್ದು ಏನೂ ಇರಲಿಲ್ಲ. ಕೊಂಡವರು ಹದಿನೈದು ದಿನ ಬಾಯಿ ಬಿಡದಿದ್ದರೆ ಅವರ ಪರವಾಗಿ ಆ ಅಂಗಡಿ ನಡೆಸುವ ಕಂಪನಿಯೇ ಐದು ಚುಕ್ಕಿ ಒತ್ತಿಬಿಡುತ್ತದಂತೆ.

ನನ್ನ ಸಕ್ಕರೆಯೆಲ್ಲ ಬಾಯಲ್ಲಿ ಬೂದಿಯಾಯಿತು. ಹಾಗಾದರೆ ಆ ಕೌದಿಗಳನ್ನು ಹೊದ್ದವರು ಯಾರು? ಹೊದ್ದರೋ, ಕಾಲೊರಸಲು ಹಾಕಿದರೋ? ಭಾಗ್ಯ ಕಂಪನಿಯ ಪರವಾಗಿ ನಿಂತಳು. ಮನಸ್ಸಿಗೆ ಬಂದವರು ಹೊದ್ದು ಮಲಗುತ್ತಾರೆ, ಸಿಟ್ಟು ಬಂದವರಷ್ಟೇ ಕೂತು ಬರೆಯುತ್ತಾರೆ, ಹೀಗೆ ಚುಕ್ಕಿ ತುಂಬದಿದ್ದರೆ ಸಣ್ಣ ಅಂಗಡಿಯವರು ಬೈಗುಳದಲ್ಲೇ ಮುಳುಗಿಹೋಗುತ್ತಾರೆ ಎಂದಳು. ಅದರಲ್ಲೂ ನ್ಯಾಯವಿದೆ. ಹಲೀಮಾ ಮಾತ್ರ ಸೂಜಿಗೆ ದಾರ ಏರಿಸುತ್ತ, "ಚುಪ್ ಇದ್ದವ್ರೆಲ್ಲ ಖುಷ್ ಇದ್ದಾರಂತ ಯಾರು ಹೇಳ್ಯಾರಬೇ? ನಮ್ಮ ಸೊಸಿನೂ ಚುಪ್ ಇರ್ತಾಳ" ಎಂದಳು.

ಅಂದಿನಿಂದ ನನಗೆ ಸುಮ್ಮನಿರುವವರ ಚಿಂತೆ ಹತ್ತಿತು. ಮೌನವೇ ಸಮ್ಮತಿ ಎಂದು ಪುರಾಣ ಹೇಳುವವರ ಬಾಯಲ್ಲಿ ಕೇಳಿದ್ದೇನೆ. ಆದರೆ ಹೆಣ್ಣು ನೋಡಲು ಬಂದವರು "ಹೇಳಿ ಕಳಸ್ತೀವ್ರಿ" ಎಂದು ಎದ್ದು ಹೋಗಿ ಸುಮ್ಮನಾದರೆ ಅದು ಒಲ್ಲೆ ಎಂದೇ ಅರ್ಥ. ಅದೇ ಹೊತ್ತಿನಲ್ಲಿ ತಲೆ ಬಗ್ಗಿಸಿ ಕೂತ ಹುಡುಗಿಯ ಮೌನಕ್ಕೆ ಒಪ್ಪಿಗೆ ಎಂದು ಅರ್ಥ. ಒಂದೇ ಪಡಸಾಲೆ, ಎರಡು ಮೌನ, ಎರಡು ಲೆಕ್ಕ. ನನ್ನನ್ನು ಕೇಳಿದಾಗ ನಾನು ತಲೆ ಬಗ್ಗಿಸಿದ್ದು ನಾಚಿಕೆಗಲ್ಲ, ಬಂದವರ ಚಪ್ಪಲಿಯೊಂದು ಉಲ್ಟಾ ಬಿದ್ದಿತ್ತು, ಅದನ್ನು ನೋಡುತ್ತಿದ್ದೆ. ಹಿರಿಯರು ನನ್ನ ಪರವಾಗಿ ಐದು ಚುಕ್ಕಿ ಒತ್ತಿದರು. ಸಂಸಾರ ಚೆನ್ನಾಗಿಯೇ ಆಯಿತು, ದೂರಿಲ್ಲ. ಆದರೂ ಒಮ್ಮೆ ಬಾಯಿಬಿಟ್ಟು ಹೇಳುವ ಅವಕಾಶ ತಪ್ಪಿತಲ್ಲ ಎಂದು ಈಗೀಗ ಅನ್ನಿಸುತ್ತದೆ.

ಇನ್ನು ನಮ್ಮ ಯಜಮಾನರು. ಲಗ್ನವಾಗಿ ನಲವತ್ತೈದು ವರ್ಷವಾದರೂ ಅಡಿಗೆ ಹೇಗಿದೆ ಎಂದು ಒಂದು ಮಾತು ಆಡಿದವರಲ್ಲ. ಉಣ್ಣುತ್ತಾರೆ, ಕೈ ತೊಳೆಯುತ್ತಾರೆ, ತೊಗರಿ ಹೊಲಕ್ಕೆ ಹೋಗುತ್ತಾರೆ. ಕಂಪನಿಯ ಕಾಯ್ದೆಯ ಪ್ರಕಾರ ನೋಡಿದರೆ ನನ್ನಷ್ಟು ಚುಕ್ಕಿ ಗಳಿಸಿದ ಅಡಿಗೆಯವಳು ಈ ಮೂರು ತಾಲೂಕಿನಲ್ಲಿ ಇರಲಿಕ್ಕಿಲ್ಲ.

ಇಲ್ಲಿ ನಿಮಗೆ ಒಂದು ತಪ್ಪಿನ ಕಬೂಲಿ ಕೊಡಬೇಕು. ನಮ್ಮ ಅವ್ವ ಕೌದಿಯ ಕಡೆಯ ಮೂಲೆ ಮುಚ್ಚುವ ಮೊದಲು ಕಡಕ್ ರೊಟ್ಟಿಯ ಒಂದು ಚೂರನ್ನು ಒಳಗಿಟ್ಟು ಹೊಲಿಯುತ್ತಿದ್ದಳು. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎನ್ನುತ್ತಿದ್ದಳು. ಅದೇ ರೂಢಿ ನನ್ನ ಕೈಗೂ ಬಂದಿದೆ. ಯಾರಿಗೂ ಹೇಳದೆ ಪ್ರತಿ ಕೌದಿಗೂ ಹೆಬ್ಬೆರಳಿನ ಉಗುರಿನಷ್ಟು ರೊಟ್ಟಿ ಉಣ್ಣಿಸಿಯೇ ಕಳಿಸಿದ್ದೇನೆ. ನಮ್ಮ ಬಿಸಿಲಿಗೆ ಅದು ಕಲ್ಲಾಗಿ ಕೂತುಬಿಡುತ್ತದೆ. ಸಮುದ್ರದ ಬಳಿಯ ಗಾಳಿಗೆ ಏನಾಗುತ್ತದೆ ಎಂದು ನನಗೆ ಯಾರು ಹೇಳಬೇಕು?

ಇಪ್ಪತ್ನಾಲ್ಕನೆಯ ಕೌದಿ ಮಂಗಳೂರಿಗೆ ಹೋಯಿತು. ನಾಲ್ಕು ದಿನಕ್ಕೆ ಒಂದೇ ಒಂದು ಚುಕ್ಕಿಯೊಂದಿಗೆ ಮೊದಲ ಸಲ ಮಾತು ಬಂತು. ಮೂಲೆಯಲ್ಲಿ ಏನೋ ಚರಚರ ಅನ್ನುತ್ತಿದೆ, ಹಾಸಿಗೆ ತುಂಬ ಇರುವೆ, ಇದರೊಳಗೆ ಏನು ತುಂಬಿದ್ದೀರಿ? ಅದರ ಹಿಂದೆಯೇ ಕಂಪನಿಯ ನೋಟೀಸು. ಮೂರು ದಿನದೊಳಗೆ ಉತ್ತರ ಕೊಟ್ಟು ಕೊಂಡವರನ್ನು ಸಮಾಧಾನ ಮಾಡದಿದ್ದರೆ ಕೌದಿಗಳನ್ನು ಅಂಗಡಿಯಿಂದ ತೆಗೆಯಲಾಗುವುದು.

ಭಾಗ್ಯ ಫೋನು ಹಿಡಿದುಕೊಂಡು ನನ್ನ ಮುಂದೆ ಬಂದು ಕೂತಳು.

"ಆಯಿ, ಮೂಲ್ಯಾಗ ಏನಿಟ್ಟಿದ್ದಿ?"

"ರೊಟ್ಟಿ."

"ಇದೊಂದಕ್ಕೋ, ಎಲ್ಲಾದಕ್ಕೂನೋ?"

"ಒಂದಕ್ಕ ಉಣಸಿ ಒಂದಕ್ಕ ಉಪಾಸ ಕೆಡವಲಿಕ್ಕ ಆಗ್ತದೇನವ್ವಾ?"

ಹುಡುಗಿ ಬೈಯಲಿಲ್ಲ. ಕಣ್ಣು ತುಂಬಿಕೊಂಡು ಎದ್ದುಹೋದಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಮೇಲಿನ ಮೂರು ದಿನ ನಾನು ಪಟ್ಟ ಪಾಡು ಯಾರಿಗೂ ಬೇಡ. ಆ ಇಪ್ಪತ್ಮೂರು ಮಂದಿಯ ಐದೈದು ಚುಕ್ಕಿ ಈಗ ಮೈಮೇಲೆ ಇರುವೆಯಂತೆ ಹರಿದಾಡತೊಡಗಿದವು. ಅವರೆಲ್ಲ ಸುಮ್ಮನಿರುವುದು ಸುಖವಾಗಿ ಮಲಗಿದ್ದಕ್ಕೋ, ಇಲ್ಲ ತುರಿಸಿಕೊಳ್ಳುತ್ತ, ಹೋಗಲಿ ಬಿಡು ಎಂದು ಕೌದಿಯನ್ನು ಮೂಲೆಗೆ ಎಸೆದದ್ದಕ್ಕೋ? ಅವರು ಬಾಯಿ ತೆರೆಯುವ ಜಾಗದಲ್ಲಿ ಕಂಪನಿ ಮೊದಲೇ ಚುಕ್ಕಿ ತುರುಕಿಟ್ಟಿದೆ. ಒಬ್ಬರಾದರೂ ಮೊದಲೇ ಬೈದಿದ್ದರೆ ಮಂಗಳೂರಿನ ಹೆಣ್ಣುಮಗಳಿಗೆ ಇರುವೆ ಕಚ್ಚುತ್ತಿರಲಿಲ್ಲ. ಜಿಡಗಾ ಮಠದ ಪಂಕ್ತಿಯಲ್ಲಿ ಯಾರೂ ಸಾರು ಹೇಗಿದೆ ಎಂದು ಕೇಳುವುದಿಲ್ಲ, ಅದು ಪ್ರಸಾದ. ನನ್ನ ಕೌದಿ ಪ್ರಸಾದವಲ್ಲವಲ್ಲ.

ಉತ್ತರ ಏನು ಬರೆಯುವುದು ಎಂಬುದೇ ದೊಡ್ಡ ಚಿಂತೆಯಾಯಿತು. ಬಟ್ಟೆಯ ದಾಸ್ತಾನಿನಲ್ಲಿ ಏನೋ ಬಿದ್ದಿರಬೇಕು, ಕ್ಷಮಿಸಿರಿ ಎಂದು ಬರೆದು ಮುಗಿಸೋಣ ಎಂದ ಶಿವರಾಯ. ನನಗೆ ಒಗ್ಗಲಿಲ್ಲ. ಇದ್ದದ್ದನ್ನೇ ಬರಿ ಎಂದು ಭಾಗ್ಯಳ ಕೈ ಹಿಡಿದು ಕೂರಿಸಿದೆ. ನಾನು ಹೇಳುತ್ತ ಹೋದೆ, ಅವಳು ಒತ್ತುತ್ತ ಹೋದಳು. ನಮ್ಮಲ್ಲಿ ಕೌದಿಯನ್ನು ಉಪವಾಸ ಕಳಿಸುವುದಿಲ್ಲ, ಅದಕ್ಕೆ ರೊಟ್ಟಿಯ ಚೂರು ಇಟ್ಟೆ, ನಿಮ್ಮ ಊರಿನ ಇರುವೆಗಳ ವಿಚಾರ ಮಾಡಲಿಲ್ಲ, ತಪ್ಪು ಮುದುಕಿಯದು, ಹುಡುಗಿಯದಲ್ಲ. ಮೂಲೆ ಬಿಚ್ಚಿ ರೊಟ್ಟಿ ತೆಗೆಯಿರಿ, ಬೇಡವಾದರೆ ಕೌದಿ ಹೊಳ್ಳಿ ಕಳಿಸಿರಿ, ಬೇರೆ ಹೊಲಿದು ಕೊಡುತ್ತೇನೆ.

ಮೊದಲ ದಿನ ಏನೂ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಹದಿನೈದು ದಿನ ಸುಮ್ಮನಿದ್ದರೆ ಐದು ಕೊಡುವ ಕಂಪನಿ ಮೂರು ದಿನ ಸುಮ್ಮನಿದ್ದರೆ ಬಾಗಿಲು ಹಾಕುತ್ತದೆ. ಇದೆಂಥ ಹಿಸಾಬು ಎಂದು ಹಲೀಮಾ ಕೇಳಿದಳು. ಖಜೂರಿಯವರು ಫೋನು ಮಾಡಿದ್ದಾರೆಂದು ಶಿವರಾಯ ಹೇಳಿದಾಗ ಭಾಗ್ಯ ತಲೆ ಬಗ್ಗಿಸಿ ಕೂತಳು. ನಾನು ಅವಳು ಏನು ನೋಡುತ್ತಿದ್ದಾಳೆ ಎಂದು ನೋಡಿದೆ. ಫೋನನ್ನೇ ನೋಡುತ್ತಿದ್ದಳು.

ಇವತ್ತು ಮುಂಜಾನೆ ಒಂದು ಹೋಗಿ ನಾಲ್ಕಾಯಿತು. ಕೆಳಗೆ ಆಕೆ ಬರೆದದ್ದನ್ನು ಭಾಗ್ಯ ಮೂರು ಸಲ ಓದಿದಳು, ನನಗೆ ಬಾಯಿಪಾಠವಾಗಿದೆ. "ಅಜ್ಜಿ, ರೊಟ್ಟಿ ತೆಗೆದಿದ್ದೇನೆ. ಕೌದಿ ಹಸಿದಿರಬಾರದು ಅಂದಿರಲ್ಲ, ನಾಲ್ಕು ಕಾಳು ಕುಚ್ಚಲಕ್ಕಿ ಇಟ್ಟು ಹೊಲಿದಿದ್ದೇನೆ. ಹೊಲಿಗೆ ನಿಮ್ಮಷ್ಟು ಚಂದ ಬರಲಿಲ್ಲ. ನಿದ್ದೆ ಚೆನ್ನಾಗಿ ಬಂತು. ಇರುವೆ ಕಚ್ಚಿದ್ದಕ್ಕೆ ಒಂದು ಚುಕ್ಕಿ ಹಿಡಿದಿಟ್ಟುಕೊಂಡಿದ್ದೇನೆ."

ಆ ಹಿಡಿದಿಟ್ಟುಕೊಂಡ ಒಂದರಿಂದಲೇ ಉಳಿದ ನಾಲ್ಕಕ್ಕೆ ಜೀವ ಬಂತು ನೋಡಿರಿ. ಕಂಪನಿಯೂ ನೋಟೀಸು ಹಿಂದೆ ತೆಗೆದುಕೊಂಡಿತು. ಆದರೆ ನನ್ನ ಹೊಟ್ಟೆಯೊಳಗಿನ ಇರುವೆ ಹೋಗಲಿಲ್ಲ. ಉಳಿದ ಇಪ್ಪತ್ಮೂರು ಮಂದಿಗೂ ರೊಟ್ಟಿಯ ಸಂಗತಿ ಬರೆಯಬೇಕು ಎಂದೆ. "ಸುಮ್ನ ಇದ್ದವ್ರನ್ನ ಯಾಕ ಎಬ್ಬಸ್ತಿ ಆಯಿ? ಒಬ್ಬೊಬ್ಬರು ಒಂದೊಂದು ಸ್ಟಾರ್ ಕಿತ್ಕೊಂಡ್ರ?" ಎಂದು ಭಾಗ್ಯ ಗಾಬರಿಯಾದಳು. ಕಿತ್ತುಕೊಳ್ಳಲಿ, ಅವು ಮೊದಲಿಂದ ನಮ್ಮವಲ್ಲ ಎಂದೆ. ಕೊನೆಗೆ ಅವಳು ಬರೆದು ಕಳಿಸಿದಳು. ಉತ್ತರ ಇನ್ನೂ ಬಂದಿಲ್ಲ. ಇನ್ನು ಮುಂದೆ ರೊಟ್ಟಿಯ ಬದಲು ನಾಲ್ಕು ಕಾಳು ಜೋಳ ಇಡುತ್ತೇನೆ, ಚೀಟಿಯಲ್ಲಿ ಬರೆದೂ ಕಳಿಸುತ್ತೇನೆ.

ಈ ಹಿಗ್ಗಿನಲ್ಲಿ ಸಂಜೆಯ ಅಡಿಗೆ ನಾನೇ ಮಾಡುತ್ತೇನೆಂದು ಸೊಸೆಯನ್ನು ಒಲೆಯಿಂದ ಎಬ್ಬಿಸಿದೆ. ಗೋಧಿ ಹುಗ್ಗಿ, ಬಿಸಿ ರೊಟ್ಟಿ, ಪುಂಡಿಪಲ್ಯ, ನಂಚಿಕೊಳ್ಳಲು ಶೇಂಗಾ ಹಿಂಡಿ. ಎಲ್ಲರೂ ಸಾಲಾಗಿ ಕೂತೆವು. ಹಲೀಮಾಳನ್ನೂ ಕರೆದಿದ್ದೆ. ಶಿವರಾಯ ಮೊದಲ ತುತ್ತಿಗೆ ಮುಂಚೆ ಮಗಳ ಕಡೆ ತಿರುಗಿ, ಖಜೂರಿಯವರಿಗೆ ಏನು ಹೇಳಲಿ ಎಂದು ಕೇಳಿದ. ಭಾಗ್ಯ ಈ ಸಲ ತಲೆ ಎತ್ತಿಯೇ, "ಈಗ ಬ್ಯಾಡ ಅಪ್ಪಾ" ಎಂದಳು. ಹಾಗೆಯೇ ಹೇಳುತ್ತೇನೆ, ಅವರನ್ನು ಕಾಯಿಸುವುದು ಚಲೋ ಅಲ್ಲ ಎಂದು ಅವನು ರೊಟ್ಟಿ ಮುರಿದ.

ಆಮೇಲೆ ಎಲ್ಲರೂ ಉಣ್ಣತೊಡಗಿದರು. ಮಗ ಸುಮ್ಮನೆ, ಸೊಸೆ ಸುಮ್ಮನೆ, ಹಲೀಮಾ ಕೂಡ ಸುಮ್ಮನೆ. ಐದೈದು ಚುಕ್ಕಿ. ಯಜಮಾನರು ಎರಡನೆಯ ತುತ್ತು ನುಂಗಿ, ಕೈ ನಿಲ್ಲಿಸಿ, ನನ್ನ ಕಡೆ ನೋಡಿದರು.

"ಪುಂಡಿಪಲ್ಯಾಕ ಉಪ್ಪು ಮರತೀದಿ."

ಸೊಸೆಗೆ ನಗು ತಡೆಯಲಾಗಲಿಲ್ಲ. ನಲವತ್ತೈದು ವರ್ಷಕ್ಕೆ ಮೊದಲ ಸಲ ಬಂದ ಆ ಮಾತನ್ನು ಎದೆಗೆ ಅವಚಿಕೊಂಡು ಉಪ್ಪಿನ ಭರಣಿ ತಂದೆ. ಒಬ್ಬೊಬ್ಬರ ತಾಟಿನ ಮುಂದೆಯೂ ನಿಂತು, ನಿನಗೆ ಹೇಗಾಗಿದೆ, ನಿನಗೆ ಹೇಗಾಗಿದೆ ಎಂದು ಕೇಳುತ್ತ ಬಡಿಸಿದೆ.