ಆದಿತ್ಯವಾರದ ರೈಲು

ಈಗ ದುಬೈಯಲ್ಲೂ ಭಾನುವಾರ ರಜೆಯಂತೆ. ನಾವಿದ್ದ ಕಾಲದಲ್ಲಿ ರಜೆ ಶುಕ್ರವಾರ, ಶನಿವಾರ. ಭಾನುವಾರ ಬೆಳಿಗ್ಗೆ ಎಲ್ಲರೂ ಆಫೀಸಿಗೆ ಓಡುತ್ತಿದ್ದೆವು. ಈ ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದವರು ಅಲ್ಲಿಯ ಮುರಕ್ಕಬಾತ್ ಬಡಾವಣೆಯ ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟ್ ಮಾಡಿಕೊಡುತ್ತಿದ್ದ ಮಂಗಳೂರಿನ ಕ್ರೈಸ್ತರೊಬ್ಬರು. ಯುರೋಪಿಗೆ ಹೊರಟವರಿಗೆ ರೈಲಿನ ಪಾಠ ಹೇಳದೆ ಅವರು ಟಿಕೆಟ್ ಕೈಗೆ ಕೊಡುತ್ತಿರಲಿಲ್ಲ.

"ದೊಡ್ಡ ಪೆಟ್ಟಿಗೆ ಬೇಡ, ನೀವೇ ಎತ್ತಬೇಕು. ಬೋಗಿ ನಂಬರ್ ನೋಡಿಯೇ ಹತ್ತಿ, ಅರ್ಧ ರೈಲು ದಾರಿಯಲ್ಲಿ ಕಳಚಿ ಬೇರೆ ಊರಿಗೆ ಹೋಗ್ತದೆ. ಮತ್ತೆ, ರೈಲು ನಿಮ್ಮ ಮಾವಂದಲ್ಲ, ಕಾಯ್ಲಿಕ್ಕಿಲ್ಲ!" ಎನ್ನುತ್ತ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಪ್ರತಿ ರೈಲಿನ ಹೊತ್ತನ್ನೂ ಗುಂಡಗೆ ಬರೆದುಕೊಡುತ್ತಿದ್ದರು.

ಆ ಚೀಟಿ ಹಿಡಿದು ನಾನೂ ನನ್ನ ಹೆಂಡತಿಯೂ ಸ್ವಿಟ್ಜರ್ಲೆಂಡಿನ ಒಂದು ಹಳ್ಳಿಯ ನಿಲ್ದಾಣದಲ್ಲಿ ಎರಡು ಗಂಟೆ ಕೂತೆವು. ಒಂಬತ್ತರ ರೈಲು ಬರಲೇ ಇಲ್ಲ. ಅದು ಕೆಲಸದ ದಿನ ಮಾತ್ರ ಓಡುವ ರೈಲು, ಅಂದು ಭಾನುವಾರ.

ಮರಳಿ ಬಂದು ಹೇಳಿದಾಗ ಅವರು ಪೆನ್ಸಿಲ್ ಕೆಳಗಿಟ್ಟರು. "ಅಯ್ಯೋ ದೇವಾ, ಆದಿತ್ಯವಾರ! ಇಲ್ಲಿ ಇಪ್ಪತ್ತು ವರ್ಷ ಶುಕ್ರವಾರವೇ ಇಗರ್ಜಿಗೆ ಪೂಜೆಗೆ ಹೋಗಿ ಹೋಗಿ, ನಂಗೆ ಆದಿತ್ಯವಾರ ಕೆಲಸದ ದಿನವೇ ಆಗಿಬಿಟ್ಟಿದೆ."

ಆಮೇಲೆ ಕೇಳಿದರು: "ಅಲ್ಲಿ ಇಗರ್ಜಿ ಗಂಟೆ ಹೊಡೀತಾ?"

"ಹೊಡೀತು. ತುಂಬಾ ಹೊತ್ತು."

"ಇಲ್ಲಿಯ ಇಗರ್ಜಿಯಲ್ಲಿ ಗಂಟೆ ಹೊಡೀಲಿಕ್ಕಿಲ್ಲ. ನಾನು ಊರಲ್ಲಿ ಕೇಳಿದ್ದೇ ಕೊನೆ," ಎಂದರು. "ನಿಮ್ಮನ್ನು ಕೂರಿಸಿದ್ದು ನನ್ನದೇ ತಪ್ಪು. ಆದ್ರೆ ನಾನಾಗಿದ್ರೆ ಮುಂದಿನ ರೈಲನ್ನೂ ಬಿಟ್ಟುಬಿಡ್ತಿದ್ದೆ, ಮಾರಾಯ್ರೇ."